ಶೆಟ್ಟೆವ್ವನ ಅಂಗಡಿ ಬಂದ್ ಆದ ದಿವಸ

ಇಂಡಿ ಊರಾಗ ಬಸ್ ಸ್ಟ್ಯಾಂಡಿನ ಹಿಂದಿನ ಓಣ್ಯಾಗ ನನ್ನ ಟೇಲರ್ ಅಂಗಡಿ ಐತಿ. ನನ್ನ ಹೆಸರ ಅಬಿದಾ. ಬಾಜೂಕ ಶೆಟ್ಟೆವ್ವಕ್ಕನ ರೊಟ್ಟಿ ಅಂಗಡಿ. ನಡುವ ಒಂದ ಗ್ವಾಡಿ ಐತಿ, ಅದೂ ಹೆಸರಿಗಷ್ಟ. ನನ್ನ ಮಿಷಿನ್ ಸಪ್ಪಳ ಆಕಿಗಿ ಕೇಳತೈತಿ, ಆಕಿ ರೊಟ್ಟಿ ಬಡಿಯೂ ಸಪ್ಪಳ ನನಗ ಕೇಳತೈತಿ, ಆಕಿ ಬೈಯೂದು ಮಾತ್ರ ಇಡೀ ಓಣಿಗಿ ಕೇಳತೈತಿ.

ಬೈಗಳಂದ್ರ ಕೆಟ್ಟ ಬೈಗಳಲ್ಲ ಮತ್ತ. ಪ್ರೀತಿ ಇದ್ದವರಿಗಷ್ಟ ಬೈತಾಳ. ಯಾರರೆ ಹೊಸಾ ಗಿರಾಕಿ ಬಂದು, “ಅವ್ವಾರ, ಈ ಕಟಕ ರೊಟ್ಟಿ ಮೆತ್ತಗ ಆಗಂಗಿಲ್ಲಲ್ರೀ?” ಅಂತ ಕೇಳಿದ್ರೋ, ಮುಗೀತು. “ಮಳ್ಯಾಗ ಇಟ್ರ ಮೆತ್ತಗಾಗತೈತಿ. ಮಳ್ಯಾಗ ನಿಂತ್ರ ನೀನೂ ಆಗ್ತಿ” ಅಂತಾಳ. ಅಂವ ನಕ್ಕೋತ ಎರಡ ಕಟ್ಟ ಜಾಸ್ತಿ ತಗೊಂಡ ಹೋಗ್ತಾನ. ನಾ ಇಷ್ಟ ಮಾತ ನನ್ನ ಗಿರಾಕಿಗಿ ಅಂದ್ರ ಹೊಲಿಸಿದ ಝಂಪರ ನನ್ನ ಮಾರಿಗೆ ಒಗದ ಹೋಗ್ತಾರ. ಆಕಿ ಬಾಯಾಗ ಅದೇನ ಐತೋ, ನನಗಂತೂ ತಿಳದಿಲ್ಲ.

ಶೆಟ್ಟೆವ್ವಕ್ಕಂದ ಒಂದ ಹುಚ್ಚ ಐತಿ. ಅಂಗಡಿ ಬಾಗಲಾ ಹಾಕಂಗಿಲ್ಲ. ಲಗ್ನಕ್ಕ ಹೋಗ್ಲಿ, ದವಾಖಾನಿಗಿ ಹೋಗ್ಲಿ, ಬಾಗಲಾ ತಗದ ಇರಬೇಕು. “ಅಬಿದಾ, ಇಲ್ಲೆ ಬಂದ ಕೂಡ್ರವಾ, ಈಗ ಬಂದ್ನಿ” ಅಂದು ಹೋದ್ರ ಸಂಜೀತನಕ ಪತ್ತೇನ ಇರಂಗಿಲ್ಲ. ಆಕಿ ರೊಕ್ಕದ ಗಲ್ಲೇದ ಮ್ಯಾಲ ಕೂತು ನಾ ಎಷ್ಟ ಝಂಪರಕ್ಕ ಹುಕ್ಕ ಹಚ್ಚೇನೋ ದೇವರಿಗೇ ಗೊತ್ತು. ನನ್ನ ಅಂಗಡಿ ಬಂದ್ ಆದ್ರ ನಡೀತೈತಿ, ಆಕೀದ ಆಗಬಾರದು. ಕೇಳಿದ್ರ, “ನಿಂದು ಬಟ್ಟಿ, ನಂದು ಅನ್ನ” ಅಂತಾಳ.

ಹುಚ್ಚಿಗೆ ಕಾರಣ ಐತ್ರಿ. ನಮ್ಮ ಕಡಿ ಸಂತಿ ದಿನಾ ಅಲ್ಲ, ಹಬ್ಬ ಅಲ್ಲ, ಸುಮ್ನ ಒಂದ ದಿವಸ ಯಾವದರೆ ಅಂಗಡಿ ಬಾಗಲಾ ಹಾಕಿತ್ತಂದ್ರ ಜನ ಒಂದ ಮಾತ ಕೇಳ್ತಾರ: “ಯಾರ ಹೋದ್ರು?” ಬ್ಯಾರೆ ಏನೂ ಆಗಿರಬಹುದು ಅಂತ ಯಾರಿಗೂ ಹೊಳಿಯೂದ ಇಲ್ಲ. ಶೆಟ್ಟೆವ್ವಕ್ಕನ ಗಂಡ ಸಿದ್ರಾಮಣ್ಣ ತೀರಕೊಂಡಾಗ ಹಂಗ ಆತು. ಬಾಗಲಾ ಹಾಕಿದ್ರು. ಅಳು ಮುಗಿಸಿ, ಕಾರ್ಯ ಮುಗಿಸಿ, ಸಣ್ಣ ಕೂಸಿನ್ನ ಬಗಲಾಗ ಎತ್ಗೊಂಡು ಆಕಿ ಹೊಳ್ಳಿ ಬಂದು ಬಾಗಲಾ ತಗದ್ರ, ಗಿರಾಕಿನ ಇಲ್ಲ. ಖಾನಾವಳಿಯವರು, ಹಾಸ್ಟೆಲ್‌ನವರು ಎಲ್ಲಾ ಬ್ಯಾರೆ ಕಡಿ ರೊಟ್ಟಿ ಹಚ್ಚಿಸಿಕೊಂಡ ಬಿಟ್ಟಿದ್ರು. “ಗಂಡ ಹೋದ, ಇನ್ನ ನೀ ಎಲ್ಲಿ ಅಂಗಡಿ ನಡಸ್ತಿ ಅಂತ ತಿಳದಿದ್ವೆವ್ವಾ” ಅಂದ್ರಂತ. ಅವರದ ತಪ್ಪ ಅನ್ನಾಕೂ ಬರೂದಿಲ್ಲ. ಹಾಕಿದ ಬಾಗಲಾ ನೋಡಿ ಮಂದಿ ಏನ ತಿಳೀಬೇಕು? ಆ ಗಿರಾಕೀನ ಹೊಳ್ಳಿ ಕೂಡಸಾಕ ಆಕಿಗಿ ವರ್ಷಗಟ್ಟಲೆ ಹಿಡೀತು. ಅವತ್ತಿನಿಂದ ಹಗಲ ಹೊತ್ತ ಆಕಿ ಬಾಗಲಾ ಹಾಕಿದ್ದ ಇಲ್ಲ.

ಬಗಲಾಗಿದ್ದ ಆ ಕೂಸ ಈಗ ಸಾಕ್ಷಿ. ಬಿ.ಕಾಂ. ಮಾಡ್ಯಾಳ. ಶಾಣ್ಯಾ ಹುಡುಗಿ, ಮಾತ ಕಡಿಮಿ, ಅವ್ವನ ವಿರುದ್ಧ ಗುಣಾ ಎಲ್ಲಾ ಆಕೀಗೇ ಬಂದಾವು. ಎರಡ ವರ್ಷದ ಹಿಂದ ಅವ್ವನ ಮುಂದ ಕೂತು, “ಅವ್ವಾ, ನಮ್ಮ ರೊಟ್ಟಿಗಿ ಒಂದ ವೆಬ್‌ಸೈಟ್ ಮಾಡೂಣು. ಪುಣೆ, ಸೋಲಾಪುರ, ಬೆಂಗಳೂರ, ಎಲ್ಲೆ ಇದ್ದವರೂ ಫೋನಿನ್ಯಾಗ ನೋಡಿ ಆರ್ಡರ್ ಮಾಡ್ತಾರ” ಅಂದ್ಲು.

ಶೆಟ್ಟೆವ್ವಕ್ಕ ಕೇಳಿದ ಮೊದಲನೇ ಪ್ರಶ್ನೆ, “ಅದರ ಕೀಲಿ ಯಾರ ಕಡಿ ಇರತೈತಿ?”

“ಅದಕ್ಕ ಕೀಲಿ ಇಲ್ಲವಾ. ರಾತ್ರಿ-ಹಗಲ ತಗದ ಇರತೈತಿ.”

ಅಷ್ಟ ಕೇಳಿದ್ದ ತಡಾ, ಶೆಟ್ಟೆವ್ವಕ್ಕ ಒಪ್ಪಿದ್ಲು. ಎಂದೂ ಬಾಗಲಾ ಹಾಕದಂಥಾ ಅಂಗಡಿ! ಆಕಿಗಿ ಅದಕ್ಕಿಂತ ಇನ್ನೇನ ಬೇಕು? ವೆಬ್‌ಸೈಟಿನ್ಯಾಗ ಹಾಕಾಕ ಫೋಟೋ ತಗಸೂ ದಿವಸ ನನ್ನ ಕಡಿ ಹೊಸಾ ಝಂಪರ ಹೊಲಿಸಿಕೊಂಡ್ಲು. ತೋಳ ಬಿಗಿ ಆಗೇತಿ ಅಂತ ಇವತ್ತಿಗೂ ಅಂತಾಳ. ಫೋಟೋದಾಗ ಹಂಚಿನ ಮುಂದ ಕೂತು ಎಷ್ಟ ಗಂಭೀರ ಮಾರಿ ಮಾಡ್ಯಾಳಂದ್ರ, ರೊಟ್ಟಿ ಮಾರಾಕ ಕೂತಾಳೋ ಇಲೆಕ್ಷನ್‌ಗೆ ನಿಂತಾಳೋ ತಿಳಿಯೂದಿಲ್ಲ. ಆದ್ರ ನಡದೈತ್ರಿ ಆ ಫೋನಿನ ಅಂಗಡಿ! ಈಗ ಓಣಿ ಗಿರಾಕಿಗಿಂತ ಅದರಾಗಿನ ಗಿರಾಕಿನ ಹೆಚ್ಚ. ಹೊರ್ತಿಯಿಂದ, ಆಜೂಬಾಜೂ ಹಳ್ಳಿಯಿಂದ ಹೆಣ್ಣಮಕ್ಕಳು ದಿನಾ ಬಂದ ರೊಟ್ಟಿ ಬಡೀತಾರ. ಎಲ್ಲಾರ ಕೈಗೂ ಕೆಲಸ ಅದರಿಂದನ.

ಹೋದ ಎಳ್ಳಮಾಸಿ ಮುಂದಿನ ಮಾತಿದು. ಎಳ್ಳಮಾಸಿ ಅಂದ್ರ ಬುತ್ತಿ ಕಟಗೊಂಡು ಹೊಲಕ್ಕ ಹೋಗಿ ಭೂಮಿತಾಯಿಗಿ ಚರಗಾ ಚೆಲ್ಲಿ ಉಣ್ಣೂ ಹಬ್ಬ. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಇಲ್ಲದ ಆ ಬುತ್ತಿ ಬುತ್ತೀನ ಅಲ್ಲ. ಹೊಲಾ ಬಿಟ್ಟು ದೂರ ಹೋದವರಿಗಿ ಆ ವಾರ ಸಜ್ಜಿ ರೊಟ್ಟಿ ಬಹಳ ನೆನಪಾಗತೈತಿ. ವರ್ಷದಾಗ ಶೆಟ್ಟೆವ್ವಕ್ಕನ ಫೋನಿನ ಅಂಗಡಿಗಿ ಅಷ್ಟ ಗದ್ದಲ ಬ್ಯಾರೆ ಎಂದೂ ಇಲ್ಲ. ಅವತ್ತ ಮುಂಜಾನಿ ನಾ ಇನ್ನೂ ಮಿಷಿನ್ನಿಗಿ ಎಣ್ಣಿ ಬಿಡಾಕತ್ತಿದ್ನಿ, ಬಾಜೂಕ ಶೆಟ್ಟೆವ್ವಕ್ಕ ಚೀರಿದ್ಲು.

“ಅಬಿದಾ, ಓಡಿ ಬಾರ! ಅಂಗಡಿ ಹೋತು!”

ಬೆಂಕಿ ಹತ್ತೇತಿ ಅಂತ ತಿಳದು ನೀರಿನ ಕೊಡಾ ಎತ್ತಿಕೊಂಡ ಓಡಿದ್ನಿ. ಹೋಗಿ ನೋಡ್ತೇನಿ, ಅಂಗಡಿ ಇದ್ದಲ್ಲೇ ಐತಿ, ಹಂಚಿನ ಮ್ಯಾಲ ರೊಟ್ಟೀನೂ ಐತಿ. ಶೆಟ್ಟೆವ್ವಕ್ಕ ಹಿಟ್ಟಿನ ಕೈಲೆ ಸಾಕ್ಷಿಯ ಲ್ಯಾಪ್‌ಟಾಪ್ ತೋರಸಾಕತ್ತಿದ್ಲು. ಅದರಾಗ ಆಕಿ ಫೋಟೋ ಇಲ್ಲ, ರೊಟ್ಟಿ ಇಲ್ಲ. ಬಿಳೇ ಹಾಳಿ ಮ್ಯಾಲ ಇಂಗ್ಲೀಷಿನ್ಯಾಗ ಏನೋ ಎರಡ ಸಾಲ. ಈ ಸೈಟ್ ಸದ್ಯಕ್ಕ ಸಿಗೂದಿಲ್ಲ ಅಂತ ಅದರ ಅರ್ಥ ಅಂತ ಸಾಕ್ಷಿ ಹೇಳಿದ್ಲು. ನಾ ಕೊಡಾ ಕೆಳಗಿಟ್ಟು ಆ ಇಬ್ಬರ ಮಾರಿ ನೋಡಿದ್ನಿ. ತಾಯಿ ಮಾರಿ ಕರ್ರಗ ಆಗಿತ್ತು.

ಸಾಕ್ಷಿ ಮಾತ್ರ ಗಾಬರಿ ಆಗಿರಲಿಲ್ಲ. ಮೊದಲ ತಮ್ಮ ಇಂಟರ್‌ನೆಟ್ ಕೆಟ್ಟೈತೇನ ಅಂತ ನೋಡಿದ್ಲು, ಕೆಟ್ಟಿರಲಿಲ್ಲ. ನನ್ನ ಫೋನ್ ಇಸ್ಕೊಂಡು ಅದರಾಗ ತಗದ್ಲು, ಅಲ್ಲೂ ಬಂದ್. “ಅಬಿದಾ ಖಾಲಾ, ಬ್ಯಾರೆ ಊರಾಗೂ ಹಿಂಗ ಐತೇನ ನೋಡಬೇಕು” ಅಂದ್ಲು. ಸಿಂದಗ್ಯಾಗ ನನ್ನ ತಂಗಿ ಮೆಹನಾಜ ಅದಾಳ, ಆಕಿಗಿ ಫೋನ್ ಹಚ್ಚಿದ್ವಿ. ಅಲ್ಲೂ ತೆರಿಯಲಿಲ್ಲ. “ಅಂದ್ರ ತಪ್ಪು ನಮ್ಮದಲ್ಲ” ಅಂದು ಸಾಕ್ಷಿ, ವೆಬ್‌ಸೈಟ್ ಇಟ್ಟಿದ್ದ ಕಂಪನಿಗಿ ಫೋನ್ ಹಚ್ಚಿ ಹೊರಗ ಹೋಗಿ ನಿಂತ್ಲು.

ಅಷ್ಟರಾಗ ಇತ್ಲಾಗ ಶೆಟ್ಟೆವ್ವಕ್ಕ ತನ್ನ ಇಲಾಜ ಶುರು ಮಾಡಿದ್ಲು. ಮೊದಲನೇದ್ದು, ದೃಷ್ಟಿ. ಯಾರೋ ಹೊಟ್ಟಿಕಿಚ್ಚಿನವರ ಕಣ್ಣ ಬಿದ್ದೈತಿ ಅಂತ ಲಿಂಬಿಕಾಯಿ-ಮೆಣಸಿನಕಾಯಿ ದಾರಕ್ಕ ಪೋಣಿಸಿ ಲ್ಯಾಪ್‌ಟಾಪಿಗಿ ಕಟ್ಟಿದ್ಲು. ಇಂಡ್ಯಾಗ ಲಿಂಬಿಕಾಯಿಗೇನ ಬರಾ? ದಪ್ಪಂದ ಆರಿಸಿ ಕಟ್ಟಿದ್ದಕ್ಕ ಅರ್ಧ ಪರದೆ ಕಾಣಲಾರದಂಗ ಆತು. ಎರಡನೇದ್ದು, ರೊಟ್ಟಿ ಬಡಿಯೂ ಹೆಣ್ಣಮಕ್ಕಳನ್ನೆಲ್ಲಾ ಕರದು, “ನಿಮ್ಮ ನಿಮ್ಮ ಫೋನ್ ತಗೀರಿ, ಎಲ್ಲಾರೂ ಕೂಡೇ ಬಾಗಲಾ ಬಡೀರಿ. ಬಡದ್ರ ಯಾರರೆ ತಗೀತಾರ!” ಅಂದ್ಲು. ಅವರೂ ರೊಟ್ಟಿ ಬಿಟ್ಟು ಫೋನ್ ಹಿಡದು ಬಡದದ್ದ ಬಡದದ್ದ. ಖರೇ ಹೇಳ್ತೇನಿ, ಝಂಪರ ಬಿಟ್ಟು ನಾನೂ ಬಡದ್ನಿ.

ಸಾಕ್ಷಿ ಒಳಗ ಬಂದಾಕಿ ನಮ್ಮನ್ನ ನೋಡಿ ಹಣಿ ಹಣಿ ಬಡಕೊಂಡ್ಲು.

“ಅವ್ವಾ, ಅಂಗಡಿ ಸುಟ್ಟಿಲ್ಲ, ಕಳವಾಗಿಲ್ಲ. ನಾವು ಆ ಕಂಪನಿಯವರ ಜಾಗಾ ಬಾಡಿಗಿ ಹಿಡದೇವಿ. ಅವರ ದೊಡ್ಡ ಮಿಷಿನ್ ಕೆಟ್ಟೈತಿ, ರಿಪೇರಿ ನಡದೈತಿ. ನಮ್ಮದೊಂದ ಅಲ್ಲ, ಅವರ ಕಡಿ ಇದ್ದ ಎಲ್ಲಾ ಅಂಗಡೀನೂ ಬಂದ್ ಅದಾವು. ನಮ್ಮ ಸಾಮಾನೆಲ್ಲಾ ಒಳಗ ಜ್ವಾಪಾನ ಐತಿ. ಸಂಜಿ ಒಳಗ ತಾನ ತೆರೀತೈತಿ. ರೇಷನ್ ಅಂಗಡ್ಯಾಗ ಸರ್ವರ್ ಇಲ್ಲ ಅಂತಾರಲ್ಲ, ಹಂಗ.”

“ರೇಷನ್ ಅಂಗಡ್ಯಾಗ ಸರ್ವರ್ ಇಲ್ಲಂದ್ರ ಮಂದಿ ಮರುದಿವಸ ಮತ್ತ ಬರ್ತಾರ. ಯಾಕ? ಅಕ್ಕಿ ಬ್ಯಾರೆ ಕಡಿ ಪುಕ್ಕಟ ಸಿಗಂಗಿಲ್ಲ ಅಂತ. ನನ್ನ ರೊಟ್ಟಿ ಪುಕ್ಕಟ ಐತೇನ? ಬ್ಯಾರೆದವರ ಬಾಗಲಾ ತಗದಿದ್ರ ಅಲ್ಲೇ ಹೋಗ್ತಾರ. ಒಮ್ಮಿ ಹೋದವರು ಹೊಳ್ಳಿ ಬರಂಗಿಲ್ಲ. ನಾ ಕಂಡೇನಿ ಅದನ್ನ.”

ನಾ ಚಾ ಮಾಡಾಕ ಎದ್ನಿ.

ಚಾ ಕುಡಿಯೂ ಮುಂದ ಶೆಟ್ಟೆವ್ವಕ್ಕಗ ಮತ್ತೊಂದ ವಿಚಾರ ಬಂತು. ಈಗಿಂದೀಗ ಆ ಕಂಪನಿ ಬಿಟ್ಟು ಬ್ಯಾರೆ ಕಂಪನಿ ಜಾಗಾಕ್ಕ ಹೋಗೂಣು ಅಂದ್ಲು. ಸಾಕ್ಷಿ ಅದಕ್ಕ ಕೈ ಮುಗದ್ಲು. “ಮನಿ ಸೋರಾಕತ್ತಾಗ ಮಾಳಗಿ ಕಿತ್ತಬಾರದವಾ. ಇವತ್ತೊಂದಿನ ಸುಮ್ನ ಇರು. ಹಬ್ಬ ಮುಗದ ಮ್ಯಾಲ ಕೂತ ವಿಚಾರ ಮಾಡೂಣು. ಈಗ ಮಾಡೂದು ಒಂದ ಕೆಲಸ ಐತಿ. ಗಿರಾಕಿಗಿ ಒಂದ ಮಾತ ಹೇಳಬೇಕು. ವಾಟ್ಸಾಪ್‌ನ್ಯಾಗ ಹಾಕ್ತೇನಿ: ವೆಬ್‌ಸೈಟ್ ಸ್ವಲ್ಪೊತ್ತ ಬಂದ್ ಐತಿ, ಆರ್ಡರ್ ಇದ್ರ ಈ ನಂಬರಿಗಿ ಫೋನ್ ಮಾಡ್ರಿ ಅಂತ. ಅಷ್ಟ ಸಾಕು.”

ಎಂಥಾ ಸೀದಾ ಮಾತು ನೋಡ್ರಿ. ನಾನೂ ಹೂಂ ಅಂದ್ನಿ. ಶೆಟ್ಟೆವ್ವಕ್ಕ ಕೇಳ್ತಾಳೇನ?

“ನಮ್ಮ ಬಾಗಲಾ ಹಾಕೈತಿ ಅಂತ ನಾವ ಊರಿಗೆಲ್ಲಾ ಡಂಗುರಾ ಹೊಡೀಬೇಕೇನ? ಹುಚ್ಚಿ ಅದಿಯೇನ? ಈಗ ನೋಡಿದವರು ನೋಡ್ಯಾರು, ನೋಡದವರಿಗಿ ಯಾಕ ಹೇಳಬೇಕು? ಬಾಯಿ ಮುಚ್ಚಿಕೊಂಡ ಕೂಡ್ರು. ಸಂಜೀಕ ತೆರೀತೈತಿ ಅಂದಿ, ಸಂಜೀತನಕ ಯಾರಿಗೂ ಗೊತ್ತಾಗಬಾರದು.”

ಅಂದಾಕೀನ ಅಂಗಡಿ ಫೋನ್ ತಗೊಂಡು, ಬಂದ್ ಮಾಡಿ, ಹಿಟ್ಟಿನ ಡಬ್ಬ್ಯಾಗ ಹುಗದು, ಮ್ಯಾಲ ಮುಚ್ಚಳಾ ಹಾಕಿ, ಮುಚ್ಚಳದ ಮ್ಯಾಲ ತಾನ ಕೂತ್ಲು. ಗಿರಾಕಿ ಫೋನ್ ಮಾಡಿ ಕೇಳಿದ್ರ ಏನ ಹೇಳೂದು ಅನ್ನೂ ಅಂಜಿಕಿ. ಸಾಕ್ಷಿ ಮುಖಾ ಊದಿಸಿಕೊಂಡು ತನ್ನ ಫೋನ್ ಕಿವಿಗಿ ಹಚ್ಚಿ ಮತ್ತ ಕಂಪನಿಯವರ ಬೆನ್ನ ಹತ್ತಿದ್ಲು. ಆಕಿ ಫೋನ್ ಯಾವಾಗ ನೋಡಿದ್ರೂ ಬಿಜಿ.

ಇನ್ನ ಸಿಂದಗೀದ ಕಥಿ ಕೇಳ್ರಿ. ಅಲ್ಲೆ ಧರ್ಮರಾಜ ಮಾಸ್ತರ ಅಂತ ಅದಾರ. ಸಿದ್ರಾಮಣ್ಣನ ಚಿಗಪ್ಪನ ಮಗ, ಶೆಟ್ಟೆವ್ವಕ್ಕಗ ಮೈದುನ ಆಗಬೇಕು. ಸಿಂದಗಿಯಿಂದ ಇಂಡಿಗಿ ಬಸ್ಸಿಗೇನ ಕಡಿಮಿ? ಬಂದು ರೊಟ್ಟಿ ಒಯ್ಯಬಹುದು. ಒಯ್ಯಂಗಿಲ್ಲ. ಫೋನಿನ್ಯಾಗ ಆರ್ಡರ್ ಮಾಡಿ, ಪಾರ್ಸಲ್ ಬಂದಾಗ ಸಾಲ್ಯಾಗ ಎಲ್ಲಾ ಮಾಸ್ತರಗೋಳ ಮುಂದ ಬಿಚ್ಚಿ, “ನಮ್ಮ ವೈನಿ ಅಂಗಡೀದು, ಆನ್‌ಲೈನ್” ಅಂತ ಹೇಳಬೇಕು ಅವರಿಗಿ. ಅವತ್ತ ಎಳ್ಳಮಾಸಿ ರೊಟ್ಟಿ ಆರ್ಡರ್ ಮಾಡಾಕ ವೆಬ್‌ಸೈಟ್ ತಗದ್ರು. ಬಂದ್. ಮತ್ತೊಮ್ಮಿ ತಗದ್ರು, ಬಂದ್. ವೈನಿ ಫೋನ್ ಹಚ್ಚಿದ್ರು, ಸ್ವಿಚ್ ಆಫ್. ಸಾಕ್ಷಿಗಿ ಹಚ್ಚಿದ್ರು, ಬಿಜಿ. ಅರ್ಧಾ ತಾಸ ಬಿಟ್ಟ ಹಚ್ಚಿದ್ರು, ಆಗೂ ಬಿಜಿ.

ಬ್ಯಾರೆ ಊರವರಾಗಿದ್ರ ಏನ ತಿಳೀತಿದ್ರೋ. ಮಾಸ್ತರ ನಮ್ಮವರು. ಎಂದೂ ಹಾಕದ ಬಾಗಲಾ ಹಾಕೈತಿ, ವೈನಿ ಫೋನ್ ಬಂದ್ ಐತಿ, ಮಗಳ ಫೋನ್ ಬಿಜಿ, ಅಂದ್ರ ಬಂಧು-ಬಳಗಕ್ಕೆಲ್ಲಾ ಸುದ್ದಿ ಮುಟ್ಟಸಾಕತ್ತಾಳ. ಇನ್ನೇನ ಉಳೀತು? ಹಂಗ ಕುಸದ ಕೂತ್ರಂತ ಮಾಸ್ತರ. ಹೆಂಡತಿ ಪಲ್ಲವಿಗಿ ಹೇಳಿದ್ರು. ಮಸೂತಿ ಅನ್ನೂ ಊರಾಗ ಇರೂ ಶೆಟ್ಟೆವ್ವಕ್ಕನ ತಮ್ಮ ಸುಭಾಸಗ ಫೋನ್ ಹಚ್ಚಿ, “ಸುಭಾಸಾ, ಎದಿ ಗಟ್ಟಿ ಮಾಡ್ಕೋ” ಅಂದ್ರು. ಮನೆತನದ ವಾಟ್ಸಾಪ್ ಗ್ರೂಪಿಗಿ, ಶೆಟ್ಟೆವ್ವಕ್ಕನ ಆ ಇಲೆಕ್ಷನ್ ಮಾರಿ ಫೋಟೋ ಹಾಕಿ, ಕೆಳಗ ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತ ಬರದ್ರು. ಅಲ್ಲಿಂದ ಅದು ಎಲ್ಲೆಲ್ಲಿ ಹೋತೋ ಕೇಳಬ್ಯಾಡ್ರಿ.

ಮಧ್ಯಾಹ್ನ ಊಟದ ಹೊತ್ತು. ಶೆಟ್ಟೆವ್ವಕ್ಕ ಇನ್ನೂ ಡಬ್ಬಿ ಮ್ಯಾಲಿಂದ ಇಳದಿಲ್ಲ. ಓಣಿ ತುದ್ಯಾಗ ಒಂದ ಕಾರ್ ಬಂದ ನಿಂತು, ಒಳಗಿಂದ ಧರ್ಮರಾಜ ಮಾಸ್ತರ ಇಳದ್ರು. ಟವಲ್ ಕಣ್ಣಿಗಿ ಹಚ್ಚಿಕೊಂಡು, ತೆಳಗ ಮಾರಿ ಮಾಡಿ, “ವೈನಿ… ವೈನಿ…” ಅಂತ ಅಳಕೋತ ಬರಾಕತ್ತಿದ್ರು. ಹಿಂದ ಪಲ್ಲವಿ, ಕೈಯಾಗ ಬುತ್ತಿ ಗಂಟು. ಸಾವಾದ ಮನ್ಯಾಗ ಒಲಿ ಹಚ್ಚಂಗಿಲ್ಲಲ್ಲ, ಬಂಧು-ಬಳಗದವರು ಬುತ್ತಿ ತರ್ತಾರ. ಶೆಟ್ಟೆವ್ವಕ್ಕನ ಕಣ್ಣಿಗಿ ಮೊದಲ ಬಿದ್ದದ್ದು ಆ ಬುತ್ತಿ.

“ಯಾರ ಹೋದರೋ ಯಪ್ಪಾ!” ಅಂತ ಎದ್ದ ನಿಂತ್ಲು. “ನನ್ನ ತಮ್ಮಗ ಏನರೆ ಆತೇನೋ ಮಾಸ್ತರ? ಸುಭಾಸಾ… ನನ್ನ ಸುಭಾಸಾ…” ಅಂತ ಎದಿ ಬಡಕೋತ ಬಾಗಲಿಗಿ ಓಡಿ ಬಂದ್ಲು.

ಈಗ ನೀವ ಹೇಳ್ರಿ, ನಾ ಏನ ಮಾಡಬೇಕು? ಮಾಸ್ತರ ವೈನಿಗಿ ಅಳಾಕತ್ತಾರ, ವೈನಿ ತಮ್ಮಗ ಅಳಾಕತ್ತಾಳ, ಯಾರ ಸತ್ತಾರ ಅಂತ ಗೊತ್ತಿಲ್ಲದ ರೊಟ್ಟಿ ಬಡಿಯೂ ಹೆಣ್ಣಮಕ್ಕಳೆಲ್ಲಾ ಸುತ್ತಗಟ್ಟಿ ಅಳಾಕತ್ತಾರ. ನಾನೂ ಸೆರಗ ಬಾಯಿಗಿ ಇಟಗೊಂಡ್ನಿ. ಪಲ್ಲವಿನ ಮೊದಲ ತಲಿ ಎತ್ತಿ ನೋಡಿದಾಕಿ. ನೋಡಿ ಕಿಟಾರನ ಕಿರಚಿ ಬುತ್ತಿ ಗಂಟ ನನ್ನ ಕೈಯಾಗ ಒಗದು, ಗಂಡನ ಬೆನ್ನ ಹಿಂದ ಅಡಗಿ ನಿಂತ್ಲು.

ಮಾಸ್ತರ ಟವಲ್ ತಗದ್ರು. ವೈನಿ ಮಾರಿ ನೋಡಿದ್ರು. ಹಿಟ್ಟ ಹತ್ತಿದ ಕೈ ನೋಡಿದ್ರು. ಆಮ್ಯಾಲ ಆಕಿ ಕಾಲ ನೋಡಿದ್ರು, ನೆಲಕ್ಕ ಹತ್ಯಾವೋ ಇಲ್ಲೋ ಅಂತ.

“ವೈನಿ… ನೀವು ಆರಾಮ ಅದೀರಿ?”

“ನನಗೇನ ಆಗೇತೋ! ಸುಭಾಸಗ ಏನಾತು ಹೇಳು ಮೊದಲ!”

“ಸುಭಾಸಗ ಏನೂ ಆಗಿಲ್ಲ. ಅಂವ ನಿಮ್ಮ ಮಣ್ಣಿಗಿ ಬರಾಕತ್ತಾನ.”

ಅಯ್ಯ ನಮ್ಮವ್ವಾ, ಆ ಕ್ಷಣಾ ಶೆಟ್ಟೆವ್ವಕ್ಕನ ಮಾರಿ ನೋಡಬೇಕಿತ್ತು ನೀವು. ಹುಟ್ಟಿದಾಗಿಂದ ಆಕಿ ಬಾಯಿ ಅಷ್ಟೊತ್ತ ತಗದ ಇದ್ದು ಮಾತ ಬರಲಾರದ್ದು ಅದ ಮೊದಲು. ಮಾತ ಹೊಳ್ಳಿ ಬಂದ ಮ್ಯಾಲ ಮಾಸ್ತರಿಗಿ ಆದ ಮಂಗಳಾರತಿ ನಾ ಇಲ್ಲೆ ಹೇಳಾಕ ಬರೂದಿಲ್ಲ.

“ಕಣ್ಣ ಇಲ್ಲೇನೋ ನಿನಗ? ಬಾಗಲಾ ತಗದ ಐತಿ, ಕಾಣಂಗಿಲ್ಲೇನ?”

“ಈ ಬಾಗಲಾ ಅಲ್ರೀ ವೈನಿ, ಫೋನಿನ್ಯಾಗಿನ ಬಾಗಲಾ!” ಮಾಸ್ತರಿಗೂ ಸಿಟ್ಟ ಬಂದಿತ್ತು. “ಎಂದೂ ಹಾಕದವರು ಹಾಕೀರಿ. ಫೋನ್ ಬ್ಯಾರೆ ಬಂದ್. ಯಾಕ ಹಾಕೀರಿ ಅಂತ ಒಂದ ಮಾತ ಬರದಿಲ್ಲ. ನಾವೇನ ತಿಳೀಬೇಕಿತ್ತು?”

ಸಾಕ್ಷಿ ಬಾಗಲದಾಗ ನಿಂತು ಅವ್ವನ ಕಡಿ ನೋಡಿದ್ಲು. ನಾನಾಗಿದ್ರ “ನಾ ಹೇಳಿರಲಿಲ್ಲೇನ?” ಅಂತಿದ್ನಿ. ಶೆಟ್ಟೆವ್ವಕ್ಕ ಒಳಗ ಹೋಗಿ, ಡಬ್ಬಿ ಮುಚ್ಚಳಾ ತಗದು, ಹಿಟ್ಟಿನ್ಯಾಗಿಂದ ಫೋನ್ ತಗದು, ಜಾಡಿಸಿ, ಮಗಳ ಕೈಯಾಗ ಕೊಟ್ಲು.

ಅಷ್ಟರಾಗ ಮಸೂತಿಯಿಂದ ಟೆಂಪೋ ತುಂಬ ಮಂದಿ ಕಟಗೊಂಡು ಸುಭಾಸ ಬಂದ. ಹೂವಿನ ಮಾಲಿ ತಂದಿದ್ದ, ಕೆಟ್ಟ ದೊಡ್ಡ ಮಾಲಿ. ಅಕ್ಕನ್ನ ನೋಡಿದ್ದ ತಡಾ ಮಾಲಿ ಕೆಳಗ ಬಿಟ್ಟು ಆಕಿ ಕೊರಳಿಗಿ ಬಿದ್ದ ಅಳಾಕ ಹತ್ತಿದ. ಶೆಟ್ಟೆವ್ವಕ್ಕ ಅವನ ಬೆನ್ನ ಮ್ಯಾಲ ಹಿಟ್ಟಿನ ಕೈಲೆ ಬಡದು ಬಡದು, “ಅದೇನೋ ಹುಚ್ಚಪ್ಯಾ, ನಾ ಆರಾಮ ಅದೇನಿ, ಎಲ್ಲೂ ಹೋಗಿಲ್ಲ” ಅಂದ್ಲು. ಅವನ ಕರೇ ಕೋಟಿನ ತುಂಬ ಬಿಳೇ ಬಿಳೇ ಕೈ ಮೂಡಿದ್ವು. ಆ ಮಾಲಿ ಏನ ಮಾಡೂದು ಅಂತ ಯಾರಿಗೂ ತಿಳೀದ, ಕಡೀಕ ಲ್ಯಾಪ್‌ಟಾಪಿಗೇ ಹಾಕಿದ್ವಿ. ಲಿಂಬಿಕಾಯಿ ಮೊದಲ ಇತ್ತು, ಮಾಲೀನೂ ಆತು.

ಬಂದವರಿಗಿ ಉಣಿಸದ ಕಳಸಾಕ ಬರತೈತೇನ? ಚಾಪಿ ಹಾಸಿದ್ವಿ. ಪಲ್ಲವಿ ತಂದ ಬುತ್ತಿನ ಬಿಚ್ಚಿದ್ವಿ. ಬುತ್ತ್ಯಾಗ ಏನೈತಿ ಅಂತೀರಿ? ಝುಣಕಾ, ಶೇಂಗಾ ಹಿಂಡಿ, ಮತ್ತ ಒಂದ ಕಟ್ಟ ಕಟಕ ರೊಟ್ಟಿ. ಶೆಟ್ಟೆವ್ವಕ್ಕ ಒಂದ ತುತ್ತ ಮುರದು ಬಾಯಾಗ ಹಾಕಿ, ನುರಸಿ, ನಿಂತ ಬಿಟ್ಲು.

“ಇದು ನನ್ನ ರೊಟ್ಟಿ.”

“ಮತ್ತ ಯಾರದ ತರೂಣ್ರೀ ವೈನಿ?” ಪಲ್ಲವಿ ಅಂದ್ಲು. “ಮನ್ಯಾಗ ಕಡೀ ಕಟ್ಟ ಉಳದಿತ್ತು. ಇನ್ನ ಮ್ಯಾಲ ಇಂಥಾ ರೊಟ್ಟಿ ಎಲ್ಲಿ ಸಿಗಬೇಕು ಅಂತ ಇವರು ಅದನ್ನೂ ತಿನ್ನಾಕ ಕೊಡಲಿಲ್ಲ. ನಿಮ್ಮ ಬುತ್ತಿಗೇ ಕಟ್ಟು ಅಂದ್ರು.”

ತನ್ನ ಸಾವಿನ ಬುತ್ತ್ಯಾಗ ತನ್ನ ರೊಟ್ಟಿ ತಾನ ಉಂಡವರನ್ನ ನಾ ಅಂತೂ ಬ್ಯಾರೆ ಯಾರನ್ನೂ ನೋಡಿಲ್ಲ. ಶೆಟ್ಟೆವ್ವಕ್ಕ ಮಾಸ್ತರ ಕಡಿ ತಿರಗಿ ಮೆಲ್ಲಕ ಕೇಳಿದ್ಲು, “ನನ್ನ ಬಾಗಲಾ ಹಾಕಿತ್ತಲ್ಲ. ಬ್ಯಾರೆ ಅಂಗಡ್ಯಾಗ ಯಾಕ ತಗೊಳ್ಳಲಿಲ್ಲ?”

ಮಾಸ್ತರಿಗಿ ಆ ಪ್ರಶ್ನೀನ ತಿಳೀಲಿಲ್ಲ. “ಬ್ಯಾರೆ ಅಂಗಡಿ? ನೀವ ಹೋದ್ರಿ ಅಂತ ಅಂಜಿ ಓಡಿ ಬಂದೇವ್ರಿ ವೈನಿ, ರೊಟ್ಟಿ ನೆನಪ ಯಾರಿಗಿ ಇತ್ತು?”

ಅತ್ತ ಸಾಕ್ಷಿ ಫೋನ್ ಚಾಲೂ ಮಾಡಿದ್ಲು ನೋಡ್ರಿ, ಅದು ಗುಂಯ್ ಗುಂಯ್ ಅನ್ನೂದ ನಿಲ್ಲಲಿಲ್ಲ. ಪುಣೆಯವರು, ಸೋಲಾಪುರದವರು, ಎಂದೂ ಮಾರಿ ನೋಡದ ಗಿರಾಕಿಗೋಳು. ಒಂದೊಂದ ಓದಿ ಹೇಳಿದ್ಲು. ಅಜ್ಜಿ ಆರಾಮ ಅದಾರಿಲ್ರಿ? ಸುದ್ದಿ ಕೇಳಿ ಮನ್ಯಾಗ ಊಟ ಸೇರವಲ್ಲದು. ಸುಳ್ಳ ಸುದ್ದಿ ಆಗ್ಲಿ ಅಂತ ಬೇಡ್ಕೊಳಾಕತ್ತೇವಿ. ‘ಅಜ್ಜಿ’ ಅಂದದ್ದಕ್ಕ ಶೆಟ್ಟೆವ್ವಕ್ಕ, “ಯಾವಾಕಿ ಆಕಿ, ನನಗ ಅಜ್ಜಿ ಅನ್ನಾಕಿ?” ಅಂತ ಗುರ್ ಅಂದ್ಲು. ಆದ್ರ ಕಣ್ಣಾಗ ನೀರಿತ್ತು. ಸೆರಗಿಲೆ ಒರಸಿಕೊಂಡ್ಲು, ಮತ್ತ ಬಂದ್ವು. ಈ ಸಲ ಒರಸಲಿಲ್ಲ.

ಸಂಜೀಕ ಚಾ ಕುಡಿಯೂ ಮುಂದ ವೆಬ್‌ಸೈಟ್ ತಾನ ತೆರೀತು. ಲಿಂಬಿಕಾಯಿ ಕೆಲಸಾ ಮಾಡ್ತು ಅಂತ ಶೆಟ್ಟೆವ್ವಕ್ಕ ಈಗೂ ಹೇಳ್ತಾಳ. ಸತ್ತಾಕಿ ಎದ್ದ ಬಂದ ಸುದ್ದಿ ಕೇಳಿ ಆದ ಆರ್ಡರ್ ಎಷ್ಟಂದ್ರ, ಮಣ್ಣಿಗಿ ಅಂತ ಬಂದ ಮಸೂತಿ ಮಂದಿ ಎರಡ ದಿನಾ ಇಲ್ಲೇ ನಿಂತು ರೊಟ್ಟಿ ಬಡದ ಹೋದ್ರು. ಸುಭಾಸನೂ ಬಡದ. ಅವನ ರೊಟ್ಟಿ ಮಾತ್ರ ಗಿರಾಕಿಗಿ ಕಳಸಲಿಲ್ಲ.

ಹಬ್ಬ ಮುಗದ ಮ್ಯಾಲ ಸಾಕ್ಷಿ ಒಂದ ಕೆಲಸ ಮಾಡಿದ್ಲು. ಇನ್ನೊಮ್ಮಿ ಹಿಂಗ ಆದ್ರ ಆ ಇಂಗ್ಲೀಷ ಸಾಲಿನ ಬದ್ಲಿ ನಮ್ಮದ ಒಂದ ಹಾಳಿ ಕಾಣಬೇಕು ಅಂತ, ಬ್ಯಾರೆ ಕಂಪನಿಯ ಜಾಗಾದಾಗ ಅದನ್ನ ತಯಾರ ಮಾಡಿ ಇಟ್ಟು, ಅವ್ವನ ಮುಂದ ಓದಿದ್ಲು. “ತಾಂತ್ರಿಕ ಕಾರಣಗಳಿಂದಾಗಿ ನಮ್ಮ ಜಾಲತಾಣವು ತಾತ್ಕಾಲಿಕವಾಗಿ ಸ್ಥಗಿತಗೊಂಡಿದೆ. ಆಗಿರುವ ಅಡಚಣೆಗಾಗಿ ವಿಷಾದಿಸುತ್ತೇವೆ.”

“ಇದನ್ನ ಓದಿದ್ರ ನನಗ ನಾನ ಸತ್ತೇನಿ ಅನಸ್ತೈತಿ” ಅಂದ್ಲು ಶೆಟ್ಟೆವ್ವಕ್ಕ. “ತಗೀ ಅದನ್ನ. ನಾ ಹೇಳ್ತೇನಿ, ಬರಕೋ. ಬಾಗಲಾ ಸ್ವಲ್ಪೊತ್ತ ಹಾಕೈತಿ. ನಾ ಒಳಗ ಅದೇನಿ. ಫೋನ್ ಹಚ್ಚ್ರಿ.”

ಸಾಕ್ಷಿ ಹಂಗ ಬರದು, ಕೆಳಗ ನಂಬರ್ ಹಾಕಿ, ತೋರಿಸಿದ್ಲು. ಶೆಟ್ಟೆವ್ವಕ್ಕಗ ಓದಾಕ ಬರತೈತಿ, ಆದ್ರ ನಿಧಾನ. ಬೆರಳ ಇಟ್ಟು ಒಂದೊಂದ ಅಕ್ಷರ ಓದಿದ್ಲು. ಆಮ್ಯಾಲ ನನ್ನ ಕಡಿ ನೋಡಿ ಅಂದ್ಲು, “ಅಬಿದಾ, ಸಾಕ್ಷಿ ಅಪ್ಪ ಹೋದಾಗ ಇಷ್ಟ ಬರದು ಬಾಗಲಕ್ಕ ಹಚ್ಚಬೇಕಿತ್ತ ನೋಡು. ನಾ ಒಳಗ ಇದ್ನಲ್ಲ. ಯಾರಿಗೂ ಗೊತ್ತಾಗಲಿಲ್ಲ.”

ನಾ ಆಕಿ ಕೈ ಹಿಡಕೊಂಡು ಕೂತ್ನಿ.

ಮೊನ್ನೆ ವೆಬ್‌ಸೈಟ್ ಮತ್ತೊಮ್ಮಿ ಒಂದ ತಾಸ ಬಂದ್ ಆಗಿತ್ತಂತ. ಯಾರೂ ಅಳಲಿಲ್ಲ, ಯಾರೂ ಬುತ್ತಿ ತರಲಿಲ್ಲ. ಫೋನ್ ಬಡಕೊಂಡ್ತು. ಶೆಟ್ಟೆವ್ವಕ್ಕ ರೊಟ್ಟಿ ಬಡಿಯೂ ಕೈ ನಿಲ್ಲಿಸಿ ಫೋನ್ ಎತ್ತಿದ್ದು ಗ್ವಾಡಿ ಈಚೆ ನನಗ ಕೇಳಿಸ್ತು. ಈಗ ಆಕಿ ಹಲೋ ಅನ್ನಂಗಿಲ್ಲ.

“ಹೂಂ, ಅದೇನಿ, ಹೇಳ್ರಿ” ಅಂತಾಳ.